ಗ್ಯಾಸ್ ಶಾಕ್ ತರುವ ಮೊದಲು ಬೋಲ್ಟ್ ನೋಡಿ

ಮಳೆಗಾಲ ಮುಗಿಯುತ್ತಿದ್ದಂತೆ ಶಿವಮೊಗ್ಗದ ಗ್ಯಾರೇಜುಗಳಿಗೆ ಮೊಬೈಲ್ ಕ್ಯಾಂಟೀನ್ ಗಾಡಿಗಳು ಬರತೊಡಗುತ್ತವೆ. ದೂರು ಒಂದೇ: “ಪಕ್ಕದ ಬಾಗಿಲು ಎತ್ತಿದ್ರೆ ನಿಲ್ಲಲ್ಲ ಸರ್, ಇನ್ನೂ ಪವರ್ ಇರೋ ಶಾಕ್ ಹಾಕಿ.”

ಶಾಕ್ ಎಂದರೆ ಎತ್ತಿದ ಬಾಗಿಲನ್ನು ಹಿಡಿದು ನಿಲ್ಲಿಸುವ, ಗ್ಯಾಸ್ ತುಂಬಿದ ಕೊಳವೆ ಮತ್ತು ರಾಡ್. ನಾನು ಮೊದಲು ನೋಡುವುದು ಅದು ಕೂತಿರುವ ತಗಡನ್ನು. ಆಗುಂಬೆ, ಹೊಸನಗರದ ಕಡೆ ತಿರುಗುವ ಗಾಡಿಯಾದರೆ ಬೋಲ್ಟಿನ ತಲೆಯಿಂದ ಕಂದು ಗೀರು ಇಳಿದಿರುತ್ತದೆ. ಬಿಚ್ಚಿದರೆ ದುಂಡಗಿದ್ದ ತೂತು ಮೊಟ್ಟೆಯಾಕಾರಕ್ಕೆ ಸವೆದಿರುತ್ತದೆ. ಅಲ್ಲಿಗೇ ಜೋರಾದ ಶಾಕ್ ಹಾಕಿದರೆ ತಗಡು ಹರಿಯುತ್ತದೆ, ಅಷ್ಟೇ. ಹಿಂದಿನಿಂದ ಕಬ್ಬಿಣದ ಪಟ್ಟಿ ಕೊಟ್ಟು, ತಲೆಯ ಮೇಲೆ 8.8 ಎಂದಿರುವ ಗಟ್ಟಿ ದರ್ಜೆಯ ಬೋಲ್ಟ್, ಅಗಲ ವಾಷರ್, ನೈಲಾನ್ ಲಾಕ್ ನಟ್ ಹಾಕಿ. ವಾಷರ್ ಅಡಿಗೆ ಸೀಲೆಂಟ್ ಹಚ್ಚದಿದ್ದರೆ ಮುಂದಿನ ಜುಲೈಗೆ ಮತ್ತೆ ಇದೇ ಕೆಲಸ.

ಶಾಕೇ ಸತ್ತಿದೆಯೋ? ರಾಡಿನ ಮೇಲೆ ಎಣ್ಣೆ ಜಿನುಗಿ ಧೂಳು ಮೆತ್ತಿದ್ದರೆ ಸೀಲ್ ಹೋಗಿದೆ ಎಂದರ್ಥ. ಬಿಚ್ಚುವಾಗ ಬಾಗಿಲಿಗೆ ಗಟ್ಟಿ ಊರುಗೋಲು ಕೊಡಿ. “ನಾನ್ ಹಿಡ್ಕೋತೀನಿ” ಅನ್ನುವ ಹುಡುಗನನ್ನು ನಂಬಬೇಡಿ. ಒಂದೇ ಬದಲಿಸಿದರೆ ಬಾಗಿಲು ತಿರುಚಿಕೊಳ್ಳುತ್ತದೆ, ಜೋಡಿಯನ್ನೇ ಬದಲಿಸಿ.

ಎಷ್ಟು ಬಲದ್ದು ಬೇಕು ಎನ್ನುವುದನ್ನು ಅಂಗಡಿಯವರ ಅಂದಾಜಿಗೆ ಬಿಡಬೇಡಿ. ಶಾಕ್ ಬಿಚ್ಚಿದ ಮೇಲೆ ಬಾಗಿಲನ್ನು ನೆಲಕ್ಕೆ ಸಮನಾಗಿ ಎತ್ತಿ, ಅಂಚಿಗೆ ಕೊಕ್ಕೆ ತಕ್ಕಡಿ ಸಿಕ್ಕಿಸಿ ಮೇಲಕ್ಕೆ ಎಳೆದು ನೋಡಿ. 12 ಕೆಜಿ ತೋರಿಸಿತು, ಹಿಂಜಿನಿಂದ (ಬಾಗಿಲು ತಿರುಗುವ ಕೀಲಿನಿಂದ) ಅಂಚಿಗೆ 100 ಸೆಂ.ಮೀ. ಇದೆ ಎನ್ನೋಣ: ಗುಣಿಸಿದರೆ 1200. ತೆರೆದಾಗ ಶಾಕ್ ಚಾಚಿರುವ ಗೆರೆಗೆ ಹಿಂಜಿನಿಂದ ಲಂಬವಾಗಿ ಅಳೆದ ಅಂತರ 15 ಸೆಂ.ಮೀ. ಇದ್ದರೆ, ಎರಡು ಶಾಕಿಗೆ 30ರಿಂದ ಭಾಗಿಸಿ. 40 ಕೆಜಿ ಬಂತು, ಅಂದರೆ ಸುಮಾರು 400 ನ್ಯೂಟನ್. ನಾನು 450ರದ್ದು ಹಾಕುತ್ತೇನೆ. ಯಾಕೆಂದರೆ ಒಳಗಿರುವುದು ಒತ್ತಿ ತುಂಬಿದ ಸಾರಜನಕ. ಡಿಸೆಂಬರಿನ 12 ಡಿಗ್ರಿ ಬೆಳಗಿನಲ್ಲಿ ಅದರ ಬಲ 30 ಡಿಗ್ರಿಯ ಮಧ್ಯಾಹ್ನಕ್ಕಿಂತ ನೂರಕ್ಕೆ ಆರರಷ್ಟು ಇಳಿದಿರುತ್ತದೆ. 800ರದ್ದು ಹಾಕಿಸಿಕೊಂಡವರು ಬಾಗಿಲು ಮುಚ್ಚಲು ಜೋತು ಬೀಳುವುದನ್ನು ನೋಡಿದ್ದೇನೆ.

ಬಾಗಿಲು ಮುಚ್ಚಿರುವಾಗ ರಾಡ್ ಕೆಳಮುಖವಾಗಿರಲಿ, ಒಳಗಿನ ಎಣ್ಣೆ ಸೀಲನ್ನು ಒಣಗಲು ಬಿಡುವುದಿಲ್ಲ. ಹಳೆಯದನ್ನು ಗುಜರಿಗೆ ಹಾಕುವಾಗ ಒಳಗೆ ಒತ್ತಡ ಇನ್ನೂ ಇದೆ ಎಂದು ಹೇಳಿ ಕೊಡಿ. ಅದನ್ನು ಗ್ಯಾಸ್ ಕಟರ್‌ನಿಂದ ಕತ್ತರಿಸಬಾರದು, ಬೆಂಕಿಗೂ ಹಾಕಬಾರದು.