ಪಾಚಿ ಕಟ್ಟಿದ ಅಂಗಳಕ್ಕೆ ಪ್ರೆಶರ್ ವಾಷರ್ ಬಳಸಬಹುದೇ?

ಓದುಗರ ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಕಡೆಯ ಹಳೆಯ ಹೆಂಚಿನ ಮನೆ. ಮಳೆಗಾಲ ಮುಗಿಯುವ ಹೊತ್ತಿಗೆ ಸಿಮೆಂಟಿನ ಅಂಗಳ, ಜಂಬಿಟ್ಟಿಗೆಯ ಪಾಗಾರ, ಮಾಡಿನ ಹೆಂಚು ಎಲ್ಲವೂ ಪಾಚಿ ಹಿಡಿದು ಕಪ್ಪಾಗುತ್ತವೆ. ಅಡಿಕೆಯ ಕೊನೆಕೊಯ್ಲಿಗೆ ಮೊದಲು ಎಲ್ಲವನ್ನೂ ತೊಳೆಯಲು, ಒತ್ತಡದಿಂದ ನೀರು ಚಿಮ್ಮಿಸುವ ಪ್ರೆಶರ್ ವಾಷರ್ ತರೋಣವೆಂದು ಮಗ ಹೇಳುತ್ತಿದ್ದಾನೆ. ಮನೆಯವರೇ ಅದನ್ನು ಬಳಸುವುದು ಸುರಕ್ಷಿತವೇ?

ಉತ್ತರ: ಗಟ್ಟಿಯಾದ ಸಿಮೆಂಟಿನ ಅಂಗಳಕ್ಕೆ ಮತ್ತು ಕಣಶಿಲೆಯ (ಗ್ರಾನೈಟ್) ಮೆಟ್ಟಿಲಿಗೆ ಧಾರಾಳವಾಗಿ ಬಳಸಬಹುದು. ಜಂಬಿಟ್ಟಿಗೆಗೂ ಹೆಂಚಿಗೂ ಬೇಡವೆಂಬುದು ನನ್ನ ಖಚಿತ ಅಭಿಪ್ರಾಯ. ಅಂಗಳ ತೊಳೆಯುವಾಗಲೂ ಎರಡು ಅಪಾಯಗಳನ್ನು ಮೊದಲೇ ತಿಳಿದಿರಬೇಕು: ಒಂದು ನೀರಿನದು, ಇನ್ನೊಂದು ಕರೆಂಟಿನದು.

ತೋಟಕ್ಕೆ ಬೋರ್ಡೋ ದ್ರಾವಣದಂಥ ಔಷಧಿ ಹೊಡೆದು ಅಭ್ಯಾಸವಿರುವವರು ಇದನ್ನೂ ಅಂಥದೇ ಪಂಪು ಎಂದು ಭಾವಿಸುವುದುಂಟು. ಔಷಧಿ ಹೊಡೆಯುವ ಎಚ್‌ಟಿಪಿ ಪಂಪುಗಳು ಸಾಮಾನ್ಯವಾಗಿ 20ರಿಂದ 40 ಬಾರ್ ಒತ್ತಡದಲ್ಲಿ ಕೆಲಸ ಮಾಡಿದರೆ, ಮನೆಬಳಕೆಯ ಪ್ರೆಶರ್ ವಾಷರುಗಳ ಒತ್ತಡ ಹೆಚ್ಚಾಗಿ 100ರಿಂದ 150 ಬಾರ್ ಇರುತ್ತದೆ. ಹತ್ತು ಮೀಟರ್ ಎತ್ತರದ ಟ್ಯಾಂಕಿನಿಂದ ನಲ್ಲಿಗೆ ಇಳಿಯುವ ನೀರಿನ ಒತ್ತಡ ಸುಮಾರು 1 ಬಾರ್ ಮಾತ್ರ ಎಂಬುದನ್ನು ನೆನೆದರೆ ವ್ಯತ್ಯಾಸ ಸ್ಪಷ್ಟವಾಗುತ್ತದೆ. ಈ ಯಂತ್ರದಿಂದ ಬರುವ ನೀರಿನ ಪ್ರಮಾಣ ಹೆಚ್ಚೇನಲ್ಲ. ವೇಗ ಬಹಳ ಹೆಚ್ಚು. ಆದ್ದರಿಂದಲೇ ನೋಡಲು ಸಾಧುವಾಗಿ ಕಾಣುವ ಸಣ್ಣ ಧಾರೆ ಚರ್ಮವನ್ನು ತೂರಿ ಒಳಹೋಗಬಲ್ಲದು.

ಹಾಗೆ ತೂರಿದಾಗ ಹೊರಗೆ ಕಾಣುವುದು ಸೂಜಿ ಚುಚ್ಚಿದಷ್ಟು ಗಾಯ. ಮೊದಲ ಕೆಲವು ಗಂಟೆ ನೋವೂ ಅಷ್ಟಾಗಿ ಇರದಿರಬಹುದು. ಒಳಗಡೆ ಮಾತ್ರ ನೀರು, ಮಣ್ಣು ಮತ್ತು ರೋಗಾಣುಗಳು ಸ್ನಾಯುರಜ್ಜುಗಳ ಗುಂಟ ಹರಡಿ, ಬಾವು ಏರಿ, ರಕ್ತಸಂಚಾರಕ್ಕೆ ತಡೆಯಾಗಿ, ಚಿಕಿತ್ಸೆ ತಡವಾದರೆ ಬೆರಳನ್ನೇ ಕಳೆದುಕೊಳ್ಳುವ ಸ್ಥಿತಿ ಬರಬಹುದು. ಅರಿಸಿನ ಹಚ್ಚಿ ಬಟ್ಟೆ ಕಟ್ಟಿ ಬೆಳಗಿನವರೆಗೆ ಕಾಯುವ ಗಾಯ ಇದಲ್ಲ. ಶಸ್ತ್ರಚಿಕಿತ್ಸಕರಿರುವ ಆಸ್ಪತ್ರೆಗೆ, ನಿಮ್ಮ ಕಡೆಯಿಂದಾದರೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಂಥ ಕಡೆಗೆ, ಕೂಡಲೇ ಹೊರಡಬೇಕು. ಹೋದೊಡನೆ ‘ಯಂತ್ರದ ಒತ್ತಡದ ನೀರು ಚರ್ಮದೊಳಗೆ ಹೊಕ್ಕಿದೆ’ ಎಂದು ಬಿಡಿಸಿ ಹೇಳಬೇಕು, ಏಕೆಂದರೆ ಗಾಯವನ್ನಷ್ಟೇ ನೋಡಿದವರಿಗೆ ಅದರ ಗಂಭೀರತೆ ತಿಳಿಯದೆ ಹೋಗಬಹುದು. ಧಾರೆಯ ಜೋರನ್ನು ಅಂಗೈ ಒಡ್ಡಿ ಪರೀಕ್ಷಿಸುವುದು, ಕೆಲಸ ಮುಗಿದ ಮೇಲೆ ಕಾಲಿನ ಕೆಸರನ್ನು ಅದರಿಂದಲೇ ತೊಳೆದುಕೊಳ್ಳುವುದು, ಕೊಟ್ಟಿಗೆ ತೊಳೆಯುತ್ತ ದನದ ಮೈಗೂ ಹಿಡಿಯುವುದು, ಇವು ಯಾವುವೂ ಕೂಡದು.

ಧಾರೆಯ ಅಗಲವನ್ನು ನಿರ್ಧರಿಸುವುದು ನಾಜಲ್. ಬಣ್ಣದ ಗುರುತಿರುವ ನಾಜಲ್‌ಗಳಲ್ಲಿ ಕೆಂಪು ಸಾಮಾನ್ಯವಾಗಿ 0 ಡಿಗ್ರಿಯದು, ಎಂದರೆ ನೇರ ಧಾರೆ. ಮನೆಗೆಲಸಕ್ಕೆ ಅದರ ಅಗತ್ಯವೇ ಇಲ್ಲ. ಹಸಿರಿನ 25 ಅಥವಾ ಬಿಳಿಯ 40 ಡಿಗ್ರಿಯಿಂದ, ಎರಡು ಅಡಿ ದೂರದಲ್ಲಿ ಆರಂಭಿಸಿ, ಪಾಚಿ ಏಳುವಷ್ಟು ಮಾತ್ರ ಹತ್ತಿರ ಹೋದರೆ ಸಾಕು. ಹರಳು ಸಿಡಿಯುವುದರಿಂದ ಕನ್ನಡಕ ಬೇಕು. ಕಾಲಿಗೆ ಹವಾಯಿ ಚಪ್ಪಲಿಯ ಬದಲು ಗಮ್‌ಬೂಟು ಇರಲಿ.

ಇನ್ನು ಕರೆಂಟಿನ ವಿಷಯ. ಈ ಯಂತ್ರಗಳು ಸುಮಾರು 1,400ರಿಂದ 2,000 ವ್ಯಾಟ್ ಎಳೆಯುವುದರಿಂದ 6 ಆಂಪಿಯರ್ ಸಾಕೆಟ್ಟಿಗೆ ಹಾಕದೆ, ಅರ್ಥಿಂಗ್ ಸರಿಯಿರುವ 16 ಆಂಪಿಯರ್ ಸಾಕೆಟ್ಟಿಗೇ ಹಾಕಬೇಕು. ಆ ಸಂಪರ್ಕಕ್ಕೆ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ವಿದ್ಯುತ್ ಸೋರಿದರೆ ತಾನೇ ಕಡಿಯುವ ಸ್ವಿಚ್) ಇರಲೇಬೇಕೆಂದು ಒತ್ತಿ ಹೇಳುತ್ತೇನೆ. ಎಂಸಿಬಿ ಇದೆಯಲ್ಲ ಎಂಬ ಧೈರ್ಯ ಇಲ್ಲಿ ನಡೆಯದು: ಎಂಸಿಬಿ ಕಾಯುವುದು ವೈರನ್ನು, ಒದ್ದೆ ನೆಲದಲ್ಲಿ ನಿಂತ ಮನುಷ್ಯನ ಮೂಲಕ ಸೋರುವ ಅಲ್ಪ ಪ್ರಮಾಣದ ವಿದ್ಯುತ್ತನ್ನು ಗುರುತಿಸಿ ಕಡಿಯುವುದು ಆರ್‌ಸಿಸಿಬಿ. ವೈರಿಂಗ್ ಹಳೆಯದಾಗಿದ್ದರೆ, ಯಂತ್ರ ಕೊಳ್ಳುವುದಕ್ಕೂ ಮೊದಲು ಆ ಹಣವನ್ನು ಎಲೆಕ್ಟ್ರಿಷಿಯನ್ನರಿಗೆ ಕೊಟ್ಟು ಅರ್ಥಿಂಗ್, ಆರ್‌ಸಿಸಿಬಿ ಎರಡನ್ನೂ ಸರಿಪಡಿಸಿಕೊಳ್ಳಿ. ಸಾಕೆಟ್ ದೂರವಿದ್ದರೆ ಕರೆಂಟಿನ ವೈರಿಗಿಂತ ನೀರಿನ ಪೈಪನ್ನು ಉದ್ದ ಮಾಡಿಕೊಳ್ಳುವುದು ಒಳ್ಳೆಯದು. ಟೇಪು ಸುತ್ತಿದ ಜೋಡಣೆಯ ವೈರು ಒದ್ದೆ ಅಂಗಳದಲ್ಲಿ ಬಿದ್ದಿರುವುದಂತೂ ಸಲ್ಲದು. ಪೆಟ್ರೋಲ್ ಯಂತ್ರವಾದರೆ ಈ ಚಿಂತೆಯಿಲ್ಲ, ಆದರೆ ಅದರ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಇರುವುದರಿಂದ ಮುಚ್ಚಿದ ಕೊಟ್ಟಿಗೆಯಲ್ಲಾಗಲಿ ಶೆಡ್ಡಿನಲ್ಲಾಗಲಿ ಅದನ್ನು ಓಡಿಸಬಾರದು.

ಜಂಬಿಟ್ಟಿಗೆ ರಂಧ್ರಗಳಿಂದ ತುಂಬಿದ ಕಲ್ಲು. ಗಾಳಿ ಮಳೆಗೆ ಒಡ್ಡಿಕೊಂಡು ಗಟ್ಟಿಯಾದ ಅದರ ಹೊರಮೈಯನ್ನು ಈ ಧಾರೆ ಕೆತ್ತಿಹಾಕಿದರೆ ಒಳಗಿನ ಮೆದು ಭಾಗ ತೆರೆದುಕೊಳ್ಳುತ್ತದೆ, ಸಂದುಗಳ ಗಾರೆ ಉದುರುತ್ತದೆ, ಮುಂದಿನ ಮಳೆಗಾಲದಲ್ಲಿ ಪಾಗಾರ ಇನ್ನಷ್ಟು ನೀರು ಕುಡಿಯುತ್ತದೆ. ಕಲ್ಲು ಹಸಿಯಿರುವಾಗಲೇ ನಾರಿನ ಬ್ರಷ್ಷಿನಿಂದ ಉಜ್ಜಿ ಸಾಧಾರಣ ಪೈಪಿನ ನೀರಿನಲ್ಲಿ ತೊಳೆದರೆ ಸಾಕಾಗುತ್ತದೆ. ಬ್ಲೀಚಿಂಗ್ ಪೌಡರ್ ಬಳಸುವುದಾದರೆ ಆಸಿಡ್ಡಿನೊಂದಿಗೆ ಎಂದೂ ಬೆರೆಸಬೇಡಿ, ವಿಷಕಾರಿ ಕ್ಲೋರಿನ್ ಅನಿಲ ಹುಟ್ಟುತ್ತದೆ. ತೊಳೆದ ನೀರು ಬಾವಿಯ ಕಡೆ ಹರಿಯದಂತೆಯೂ ನೋಡಿಕೊಳ್ಳಿ.

ಹೆಂಚಿನ ಮಾತು ಇನ್ನೂ ಕಠಿಣ. ಒಂದರ ಮೇಲೊಂದು ಕೂತ ಹೆಂಚುಗಳು ಮೇಲಿನಿಂದ ಇಳಿಯುವ ಮಳೆಯನ್ನು ತಡೆಯುತ್ತವೆಯೇ ಹೊರತು ಕೆಳಗಿನಿಂದ ನುಗ್ಗುವ ಧಾರೆಯನ್ನಲ್ಲ. ಸಂದಿನಲ್ಲಿ ಒಳಹೊಕ್ಕ ನೀರು ಹೆಂಚಿನಡಿಯ ಮರದ ರೀಪು, ಪಕಾಸುಗಳನ್ನು ನೆನೆಸುತ್ತದೆ. ನೀರು ಚಿಮ್ಮಿಸುವ ಗನ್ನಿನ ಕುದುರೆ (ಟ್ರಿಗರ್) ಒತ್ತಿದೊಡನೆ ಗನ್ನು ಹಿಮ್ಮುಖವಾಗಿ ತಳ್ಳುವುದರಿಂದ ಏಣಿಯ ಮೇಲೆ ನಿಂತವರು ಆಯ ತಪ್ಪಿ ಬೀಳುತ್ತಾರೆ, ಪಾಚಿ ಹಿಡಿದ ಹೆಂಚಿನ ಮೇಲಂತೂ ಕಾಲೇ ನಿಲ್ಲುವುದಿಲ್ಲ. ಬೇಸಿಗೆಯಲ್ಲಿ ಹೆಂಚು ಕೈಯಾಡಿಸುವಾಗ ಒಂದೊಂದಾಗಿ ಇಳಿಸಿ ನೆಲದಲ್ಲೇ ಉಜ್ಜುವ ಹಳೆಯ ಕ್ರಮವನ್ನು ಬಿಡಬೇಡಿ.

ಕೆಲಸ ನಿಲ್ಲಿಸುವಾಗ ಸ್ವಿಚ್ ಆರಿಸಿ, ನಲ್ಲಿ ಮುಚ್ಚಿ, ಧಾರೆ ಸಂಪೂರ್ಣ ನಿಲ್ಲುವವರೆಗೆ ಗನ್ನಿನ ಕುದುರೆಯನ್ನು ಒತ್ತಿ ಹಿಡಿಯಿರಿ. ಯಂತ್ರ ನಿಂತ ಮೇಲೂ ಪೈಪಿನಲ್ಲಿ ಒತ್ತಡ ಉಳಿದಿರುತ್ತದೆ. ಅದು ಹೋದ ನಂತರವೇ ಗನ್ನಿಗೆ ಲಾಕ್ ಹಾಕಿ, ಕೈ ಒರೆಸಿಕೊಂಡು ಪ್ಲಗ್ ತೆಗೆದು, ನಾಜಲ್ ಬಿಚ್ಚಿ.