ಕೆಂಪು ವೈರು ಎಲ್ಲಿ ಹೋಯಿತು?

ವ್ಯಾನಿನ ಕಂಪನಿ ಸ್ಟೀರಿಯೊ ಕಿತ್ತು ಟಚ್‌ಸ್ಕ್ರೀನ್ ಕೂರಿಸಿದ ಮೊದಲ ವಾರ ನನಗೆ ಜಂಬವೋ ಜಂಬ. ಮ್ಯಾಪ್ ಬಂತು, ಹಾಡು ಬಂತು, ರಿವರ್ಸ್ ಹಾಕಿದರೆ ಹಿಂದಿನ ಗೋಡೆಯೂ ಕಂಡಿತು. ಆಮೇಲೆ ವ್ಯಾನನ್ನು ಐದಾರು ದಿನ ಹಾಗೇ ನಿಲ್ಲಿಸಿದ್ದೆ. ಮತ್ತೆ ಬಂದು ಕೀ ತಿರುಗಿಸಿದರೆ ಟಿಕ್ ಅಂತ ಒಂದು ಸದ್ದು, ಅಷ್ಟೇ. ಬ್ಯಾಟರಿ ಪೂರ್ತಿ ಇಳಿದುಹೋಗಿತ್ತು.

ತಪ್ಪು ನನ್ನದೇ. ಎರಡು ವೈರುಗಳನ್ನು ಒಟ್ಟಿಗೆ ಹೊಸೆದು ಟೇಪು ಸುತ್ತಿದ್ದೆ. ಒಂದು ಹಳದಿ, ಇನ್ನೊಂದು ಕೆಂಪು.

ಹೊರಗೆ ಸಿಗುವ ಹೆಚ್ಚಿನ ಸ್ಟೀರಿಯೊಗಳ ಹಿಂದೆ ಈ ಎರಡು ವೈರು ಇದ್ದೇ ಇರುತ್ತವೆ. ಹಳದಿಗೆ ಬ್ಯಾಟರಿಯಿಂದ ಸದಾ 12 ವೋಲ್ಟ್ ಸಿಗಬೇಕು. ಗಡಿಯಾರ, ರೇಡಿಯೊ ಸ್ಟೇಷನ್‌ಗಳು, ಸೌಂಡ್ ಸೆಟ್ಟಿಂಗ್ ಎಲ್ಲ ಅದರ ಬಲದಿಂದ ನೆನಪಿನಲ್ಲಿ ಉಳಿಯುತ್ತವೆ. ಕೆಂಪಿಗೆ ಕೀ ತಿರುಗಿಸಿದಾಗ ಮಾತ್ರ ಕರೆಂಟ್ ಬರಬೇಕು. ಅದು ಸ್ಟೀರಿಯೊಗೆ 'ಏಳು' ಅಂತ ಹೇಳುವ ವೈರು. ಎರಡೂ ಅದಲುಬದಲಾದರೆ ಪ್ರತಿ ಸಲ ಕೀ ತೆಗೆದಾಗಲೂ ಸ್ಟೀರಿಯೊ ಎಲ್ಲವನ್ನೂ ಮರೆಯುತ್ತದೆ. ಎರಡನ್ನೂ ಸೇರಿಸಿಬಿಟ್ಟರೆ ಅದು ನಿದ್ದೆಯನ್ನೇ ಮಾಡುವುದಿಲ್ಲ. ನಾನು ಪ್ರತಿ ದಿನ ಸ್ಕ್ರೀನ್ ಆರಿಸಿ ಹೋಗುತ್ತಿದ್ದೆ ನಿಜ. ಕಪ್ಪಗಾಗಿದ್ದು ಸ್ಕ್ರೀನ್ ಮಾತ್ರ, ಒಳಗಿನ ಪ್ರೊಸೆಸರ್ ಎಚ್ಚರವಾಗಿಯೇ ಕೂತಿತ್ತು. ಅದು ಬರೀ ಅರ್ಧ ಆಂಪಿಯರ್ ಎಳೆದರೂ ದಿನಕ್ಕೆ 12 ಆಂಪಿಯರ್-ಅವರ್ ಖರ್ಚು. 60 ಆಂಪಿಯರ್-ಅವರ್ ಬ್ಯಾಟರಿ ಐದು ದಿನಕ್ಕೆ ಖಾಲಿ. ಸೆಲ್ಫ್ ಹೊಡೆಯುವ ಶಕ್ತಿಯಂತೂ ಅದಕ್ಕೂ ಮೊದಲೇ ಹೋಗಿರುತ್ತದೆ.

ಸರಿ, ಗೊತ್ತಿದ್ದೂ ಯಾಕೆ ಸೇರಿಸಿದೆ? ವ್ಯಾನಿನ ಕಡೆಯ ಕಪ್ಲರ್‌ನಲ್ಲಿ, ಅಂದರೆ ವೈರುಗಳು ಬಂದು ಸೇರುವ ಪ್ಲಗ್‌ನಲ್ಲಿ, ಕೆಂಪಿಗೆ ಜೋಡಿಯೇ ಇರಲಿಲ್ಲ. ಮಲ್ಟಿಮೀಟರ್ ಹಿಡಿದು ಒಂದೊಂದೇ ಪಿನ್ ಮುಟ್ಟಿ ನೋಡಿದೆ. ಕೀ ಆನ್ ಮಾಡಿದಾಗ 12 ವೋಲ್ಟ್ ಬಂದು, ಆಫ್ ಮಾಡಿದಾಗ ಹೋಗುವ ಪಿನ್ ಒಂದೂ ಸಿಗಲಿಲ್ಲ. ಆದರೂ ಹಳೇ ಸ್ಟೀರಿಯೊ ಕೀ ತಿರುಗಿಸಿದ ಕೂಡಲೇ ಹಾಡುತ್ತಿತ್ತಲ್ಲ! ಅದಕ್ಕೆ ಯಾರು ಹೇಳುತ್ತಿದ್ದರು?

ಕಾರಿಗೆ ರೇಡಿಯೊ ಬಂದ ಕಾಲದಲ್ಲಿ ಈ ಪ್ರಶ್ನೆಯೇ ಇರಲಿಲ್ಲ. 1930ರಲ್ಲಿ ಗಾಲ್ವಿನ್ ಸಹೋದರರ ಕಂಪನಿ ಮೊಟೊರೊಲಾ ಹೆಸರಿನಲ್ಲಿ ಕಾರ್ ರೇಡಿಯೊ ಮಾರಲು ಶುರುಮಾಡಿತು. ಅದಕ್ಕೆ ಬೇಕಾಗಿದ್ದು ಕರೆಂಟ್, ಆಂಟೆನಾ, ಸ್ಪೀಕರ್, ಇಷ್ಟೇ. ಆಮೇಲೆ ಅಳತೆಯೂ ಒಂದು ಲೆಕ್ಕಕ್ಕೆ ಬಂತು. ಜರ್ಮನಿಯ ಮಾನಕ ಸಂಸ್ಥೆ ಡಿನ್ ಸ್ಟೀರಿಯೊ ಕೂರುವ ಕಿಂಡಿಗೆ 180 ಮಿಲಿಮೀಟರ್ ಅಗಲ, 50 ಮಿಲಿಮೀಟರ್ ಎತ್ತರ ಅಂತ ಗೊತ್ತುಮಾಡಿತು. ಅದರ ಎರಡರಷ್ಟು ಎತ್ತರವಿದ್ದರೆ ಡಬಲ್ ಡಿನ್. ಈಗಿನ ಒಂಬತ್ತು, ಹತ್ತು ಇಂಚಿನ ಸ್ಕ್ರೀನ್‌ಗಳು ಕೂಡ ಎಷ್ಟೋ ಸಲ ಹಿಂಬದಿಯಲ್ಲಿ ಈ ಹಳೇ ಅಳತೆಯ ಡಬ್ಬಿಯನ್ನೇ ಹೊತ್ತಿರುತ್ತವೆ. ಹಾಗಾಗಿ ಕಿಂಡಿಯಲ್ಲಿ ಕೂರಿಸುವುದು ಸುಲಭದ ಕೆಲಸ. ಕಷ್ಟ ಇರುವುದು ಮಾತುಕತೆಯಲ್ಲಿ.

ವಾಹನಗಳಲ್ಲಿ ಎಲೆಕ್ಟ್ರಾನಿಕ್ಸ್ ಜಾಸ್ತಿಯಾದ ಹಾಗೆ ಒಂದೊಂದು ವಿಷಯಕ್ಕೂ ಒಂದೊಂದು ವೈರು ಎಳೆಯುತ್ತಾ ಹೋದರು. ವೈರಿನ ಕಟ್ಟು ತೋಳಿನ ಗಾತ್ರಕ್ಕೆ ಬಂತು. ಬಾಷ್ ಕಂಪನಿ 1983ರಲ್ಲಿ ಇದಕ್ಕೊಂದು ದಾರಿ ಹುಡುಕಲು ಹೊರಟು, 1986ರಲ್ಲಿ ಡೆಟ್ರಾಯಿಟ್‌ನ ಎಂಜಿನಿಯರುಗಳ ಸಭೆಯಲ್ಲಿ ಅದನ್ನು ತೋರಿಸಿತು. ಹೆಸರು ಕ್ಯಾನ್ ಬಸ್. ಒಂದಕ್ಕೊಂದು ಹುರಿ ಮಾಡಿದ ಎರಡೇ ವೈರು. ಎಂಜಿನ್, ಬ್ರೇಕ್, ಮೀಟರ್, ಬಾಗಿಲು, ಸ್ಟೀರಿಯೊ ಎಲ್ಲದರ ಮಾತೂ ಇಂಥ ಜೋಡಿಗಳ ಮೇಲೇ.

ಇಲ್ಲಿ ಯಾರೂ ಯಾರನ್ನೂ ಹೆಸರು ಹಿಡಿದು ಕರೆಯುವುದಿಲ್ಲ. ಪ್ರತಿ ಸಂದೇಶಕ್ಕೂ ಒಂದು ನಂಬರ್. ಎಲ್ಲರೂ ಕೇಳಿಸಿಕೊಳ್ಳುತ್ತಾರೆ, ತಮಗೆ ಬೇಕಾದ ನಂಬರನ್ನು ಮಾತ್ರ ಹೆಕ್ಕಿಕೊಳ್ಳುತ್ತಾರೆ. ಇಬ್ಬರು ಒಟ್ಟಿಗೆ ಬಾಯಿ ತೆರೆದರೆ? ಚಿಕ್ಕ ನಂಬರಿನವರು ಮುಂದುವರಿಯುತ್ತಾರೆ, ಇನ್ನೊಬ್ಬರು ತಕ್ಷಣ ಸುಮ್ಮನಾಗಿ ಸರದಿ ಕಾಯುತ್ತಾರೆ. ಮುಂದುವರಿದವರ ಸಂದೇಶದಲ್ಲಿ ಒಂದು ಬಿಟ್ ಕೂಡ, ಅಂದರೆ ಒಂದೇ ಒಂದು ಸೊನ್ನೆ ಅಥವಾ ಒಂದು ಕೂಡ, ಕೆಡುವುದಿಲ್ಲ. ಮನುಷ್ಯರ ಮೀಟಿಂಗ್‌ಗಳಲ್ಲಿ ಇದನ್ನು ನಾನಂತೂ ನೋಡಿಲ್ಲ.

ಹುರಿ ಮಾಡಿದ್ದಕ್ಕೂ ಕಾರಣವಿದೆ. ಮಾಮೂಲಿ ವೇಗದ ಕ್ಯಾನ್‌ನಲ್ಲಿ ಸುಮ್ಮನಿದ್ದಾಗ ಎರಡೂ ವೈರಿನಲ್ಲಿ ಸುಮಾರು 2.5 ವೋಲ್ಟ್. ಸೊನ್ನೆ ಕಳಿಸುವಾಗ ಒಂದು 3.5ಕ್ಕೆ ಏರುತ್ತದೆ, ಇನ್ನೊಂದು 1.5ಕ್ಕೆ ಇಳಿಯುತ್ತದೆ. ಕೇಳುವವರು ನೋಡುವುದು ಎರಡರ ನಡುವಿನ ವ್ಯತ್ಯಾಸವನ್ನು ಮಾತ್ರ. ಸ್ಪಾರ್ಕ್ ಪ್ಲಗ್, ಮೋಟಾರುಗಳ ಗಲಾಟೆ ಹೊರಗಿನಿಂದ ಬಂದರೂ ಎರಡು ವೈರಿಗೂ ಹೆಚ್ಚುಕಡಿಮೆ ಒಂದೇ ಸಮ ತಾಗುತ್ತದೆ. ಒಂದರಿಂದ ಇನ್ನೊಂದನ್ನು ಕಳೆದಾಗ ಗಲಾಟೆ ಮಾಯ.

ನನ್ನ ಕೆಂಪು ವೈರು ಹೋಗಿದ್ದು ಅಲ್ಲಿಗೇ. ಈ ವ್ಯಾನಿನಲ್ಲಿ 'ಕೀ ಆನ್ ಆಗಿದೆ' ಅನ್ನುವುದು 12 ವೋಲ್ಟ್ ಅಲ್ಲ, ಒಂದು ಸಂದೇಶ. ಹಳೇ ಸ್ಟೀರಿಯೊಗೆ ಆ ಭಾಷೆ ಬರುತ್ತಿತ್ತು. ಹೊಸದಕ್ಕೆ ಬರುವುದಿಲ್ಲ. ಕಲಿಸೋಣವೆಂದರೆ ಯಾವ ನಂಬರಿಗೆ ಏನು ಅರ್ಥ ಅನ್ನುವುದು ಕಂಪನಿಯಿಂದ ಕಂಪನಿಗೆ, ಮಾಡೆಲ್‌ನಿಂದ ಮಾಡೆಲ್‌ಗೆ ಬೇರೆ. ಅದಕ್ಕೇ ನಡುವೆ ಬೆಂಕಿಪೊಟ್ಟಣದಷ್ಟು ದೊಡ್ಡ ಒಂದು ಡಿಕೋಡರ್ ಬೇಕು. ಅದು ದುಭಾಷಿ. ಒಂದು ಕಡೆ ಕ್ಯಾನ್ ಬಸ್ ಕೇಳಿಸಿಕೊಂಡು ಇನ್ನೊಂದು ಕಡೆಯಿಂದ ಹಳೇ ಕಾಲದ ಕೆಂಪು ವೈರನ್ನು ಹುಟ್ಟಿಸಿ ಕೊಡುತ್ತದೆ! ಸ್ಟೇರಿಂಗ್ ಮೇಲಿನ ವಾಲ್ಯೂಮ್ ಬಟನ್‌ಗಳು, ರಿವರ್ಸ್ ಗೇರ್, ಹೆಡ್‌ಲೈಟ್ ಹಾಕಿದ ಸುದ್ದಿ ಎಲ್ಲವನ್ನೂ ಎಷ್ಟೋ ಸಲ ಇದೇ ಡಬ್ಬಿ ಅನುವಾದ ಮಾಡುತ್ತದೆ. ಕ್ಯಾನ್ ಇಲ್ಲದ ಹಳೆಯ ಗಾಡಿಗಳಲ್ಲಿ ಸ್ಟೇರಿಂಗ್ ಬಟನ್‌ಗಳ ಉಪಾಯ ಇನ್ನೂ ಸರಳ. ಒಂದೇ ವೈರು, ಒಂದೊಂದು ಬಟನ್‌ಗೂ ಬೇರೆ ಬೇರೆ ರೆಸಿಸ್ಟರ್. ಎಷ್ಟು ಓಮ್ ಕಂಡಿತು ಅನ್ನುವುದರ ಮೇಲೆ ಯಾವ ಬಟನ್ ಅಂತ ಗೊತ್ತಾಗುತ್ತದೆ.

ಇನ್ನು ವ್ಯಾಟ್ ವಿಷಯ. ಪೆಟ್ಟಿಗೆಯ ಮೇಲೆ ದಪ್ಪ ಅಕ್ಷರದಲ್ಲಿ 50 ವ್ಯಾಟ್ × 4 ಅಂತ ಇರುತ್ತದೆ. ಇದು ಎಲ್ಲಿಂದ ಬಂತು ಅಂತ ನಾವೇ ಲೆಕ್ಕ ಹಾಕಬಹುದು. ಎಂಜಿನ್ ಓಡುವಾಗ ಆಲ್ಟರ್ನೇಟರ್ ಕೊಡುವುದು ಸುಮಾರು 14.4 ವೋಲ್ಟ್. ಸ್ಪೀಕರ್ ಸಾಮಾನ್ಯವಾಗಿ 4 ಓಮ್. 14.4ನ್ನು 14.4ರಿಂದ ಗುಣಿಸಿ 4ರಿಂದ ಭಾಗಿಸಿ. ಹತ್ತಿರ ಹತ್ತಿರ 52. ಸಿಕ್ಕಿತಲ್ಲ ಐವತ್ತು! ಆದರೆ ಇದು ಸ್ಪೀಕರ್‌ಗೆ ಎಲ್ಲ ಕ್ಷಣವೂ ಪೂರ್ತಿ ವೋಲ್ಟೇಜ್ ಬಿದ್ದಾಗಿನ ಲೆಕ್ಕ. ಆಗ ಕೇಳುವುದು ಹಾಡಲ್ಲ, ಕರ್ಕಶ ಗೊರಗೊರ. ನಯವಾಗಿ ಏರಿ ಇಳಿಯುವ ಶುದ್ಧ ಸ್ವರಕ್ಕೆ ಅದರ ಅರ್ಧ, ಅಂದರೆ 26 ವ್ಯಾಟ್. ಆಂಪ್ಲಿಫೈಯರ್ ಚಿಪ್‌ನಲ್ಲಿ ಆಗುವ ನಷ್ಟ ಕಳೆದರೆ ಇಪ್ಪತ್ತರ ಆಸುಪಾಸು. ಹಳೇ ಸ್ಟೀರಿಯೊಗೂ ಸಿಗುತ್ತಿದ್ದುದು ಅದೇ 14.4 ವೋಲ್ಟ್. ಸ್ಕ್ರೀನ್ ಬದಲಿಸಿದರೂ ಸೌಂಡ್ ಹೆಚ್ಚಲಿಲ್ಲ ಅಂತ ಬೇಜಾರಾದರೆ ನನ್ನ ಪ್ರಕಾರ ಬದಲಿಸಬೇಕಾದ್ದು ಸ್ಪೀಕರ್. ಹಾಗೇ ಒಂದು ಎಚ್ಚರಿಕೆ: ಈ ಚಿಪ್‌ಗಳು ಸ್ಪೀಕರಿನ ಎರಡೂ ತುದಿಯನ್ನು ಎಳೆದಾಡಿಸುತ್ತವೆ, ಒಂದು ಏರಿದಾಗ ಇನ್ನೊಂದು ಇಳಿಯುತ್ತದೆ. ಸ್ಪೀಕರಿನ ಮೈನಸ್ ಅಂತ ಅದನ್ನು ಗಾಡಿಯ ಲೋಹದ ಮೈಗೆ ತಾಗಿಸಿದರೆ ಚಿಪ್ ಸುಟ್ಟುಹೋಗಬಹುದು.

'ಹೊಸದು ಹಾಕಿದ ಮೇಲೆ ಎಫ್‌ಎಂ ಸರಿಯಾಗಿ ಹಿಡಿಯಲ್ಲ' ಅನ್ನುವುದು ಇನ್ನೊಂದು ದೂರು. ಎಫ್‌ಎಂ ಅಲೆಯ ಉದ್ದ ಸುಮಾರು ಮೂರು ಮೀಟರ್. ಅದರ ಕಾಲು ಭಾಗ, ಅಂದರೆ ಮುಕ್ಕಾಲು ಮೀಟರ್ ಕಡ್ಡಿ ಇದ್ದರೆ ಚೆನ್ನಾಗಿ ಹಿಡಿಯುತ್ತದೆ. ಹಳೇ ಗಾಡಿಗಳ ಉದ್ದನೆಯ ಆಂಟೆನಾ ನೆನಪಿದೆ ಅಲ್ವಾ? ಈಗಿನದು ಗೇಣುದ್ದ. ಆ ಕೊರತೆ ತುಂಬಲು ಬುಡದಲ್ಲಿ ಪುಟ್ಟ ಆಂಪ್ಲಿಫೈಯರ್ ಇಟ್ಟಿರುತ್ತಾರೆ. ಅದಕ್ಕೆ ಕರೆಂಟ್ ಹೋಗುತ್ತಿದ್ದುದು ಎಷ್ಟೋ ಗಾಡಿಗಳಲ್ಲಿ ಹಳೇ ಸ್ಟೀರಿಯೊದಿಂದ, ಆಂಟೆನಾ ಕೇಬಲ್ ಮೂಲಕವೇ. ಹೊಸದು ಹಾಗೆ ಕೊಡುವುದಿಲ್ಲ. ಸ್ಟೀರಿಯೊದ ನೀಲಿ ವೈರಿನಿಂದ ಕರೆಂಟ್ ತುಂಬುವ ಒಂದು ಅಡಾಪ್ಟರ್ ಹಾಕಿದರೆ ಸ್ಟೇಷನ್‌ಗಳು ವಾಪಸ್ ಬರುತ್ತವೆ. ಜಿಪಿಎಸ್ ಆಂಟೆನಾವನ್ನು ಡ್ಯಾಶ್‌ಬೋರ್ಡಿನ ಪ್ಲಾಸ್ಟಿಕ್ ಕೆಳಗೆ ಇಟ್ಟರೂ ನಡೆಯುತ್ತದೆ. ತಗಡಿನ ಕೆಳಗೆ ಮಾತ್ರ ಬೇಡ. 20,000 ಕಿಲೋಮೀಟರ್ ಆಚೆಯ ಉಪಗ್ರಹದಿಂದ ಬರುವ ಅಲೆ ಮೊದಲೇ ನಿತ್ರಾಣವಾಗಿರುತ್ತದೆ.

ಹ್ಯಾಂಡ್ ಬ್ರೇಕ್ ವೈರಿನ ಬಗ್ಗೆ ಹೇಳದೆ ಬಿಡುವ ಹಾಗಿಲ್ಲ. ಹ್ಯಾಂಡ್ ಬ್ರೇಕ್ ಎಳೆದಾಗ ಆ ವೈರಿಗೆ ಅರ್ತ್ ಸಿಗುತ್ತದೆ, ಆಗ ಮಾತ್ರ ವಿಡಿಯೊ ಓಡುತ್ತದೆ. ಅದನ್ನು ಶಾಶ್ವತವಾಗಿ ಗಾಡಿಯ ಲೋಹದ ಮೈಗೆ ಕಟ್ಟಿಬಿಡುವವರಿದ್ದಾರೆ. ಸ್ಟೀರಿಯೊ ಪಾಪ, ವೈರು ಹೇಳಿದ್ದನ್ನೇ ನಂಬುತ್ತದೆ. 60 ಕಿಲೋಮೀಟರ್ ವೇಗದಲ್ಲಿ ಎರಡು ಸೆಕೆಂಡ್ ಸ್ಕ್ರೀನ್ ನೋಡಿದರೆ ಗಾಡಿ 33 ಮೀಟರ್ ಮುಂದೆ ಹೋಗಿರುತ್ತದೆ. ಹಳೇ ಸ್ಟೀರಿಯೊದ ತಿರುಗಿಸುವ ಗುಂಡಿಯನ್ನು ಕಣ್ಣು ರಸ್ತೆಯ ಮೇಲಿಟ್ಟೇ ಹುಡುಕಬಹುದಿತ್ತು. ಗಾಜಿನ ಮೇಲೆ ಬೆರಳಿಗೆ ಏನೂ ಸಿಗುವುದಿಲ್ಲ. ಹಾಗಾಗಿ ವಾಲ್ಯೂಮ್‌ಗಾದರೂ ನಿಜವಾದ ಗುಂಡಿ ಇರುವ ಮಾಡೆಲ್ಲೇ ನನಗೆ ಇಷ್ಟ.

ಡಿಕೋಡರ್ ತಂದು ಹಾಕಿದೆ. ಈಗ ಕೀ ತೆಗೆದ ಕೂಡಲೇ ಸ್ಕ್ರೀನ್ ಆರುವುದಿಲ್ಲ. ವ್ಯಾನಿನ ಕ್ಯಾನ್ ಬಸ್ ಮಾತು ನಿಲ್ಲಿಸಿ ಮಲಗುವವರೆಗೂ ಕೆಂಪು ವೈರಿನಲ್ಲಿ ಜೀವ ಇರುತ್ತದೆ. ಬಾಗಿಲು ಹಾಕಿ, ಗಾಜಿನಾಚೆ ಆ ಬೆಳಕು ಆರುವುದನ್ನು ನೋಡಿಯೇ ನಾನು ಮನೆಯೊಳಗೆ ಹೋಗುವುದು.