ನಾಯಿಯ ಹೊಲಿಗೆ ಮನೆಯಲ್ಲೇ ಬಿಚ್ಚಬಹುದಾ?

ಪ್ರಶ್ನೆ: ನಮ್ಮ ಲ್ಯಾಬ್ರಡಾರ್ ನಾಯಿಗೆ ಗರ್ಭಕೋಶ ತೆಗೆಸಿ ಹನ್ನೊಂದು ದಿನ ಆಯಿತು. ಕ್ಲಿನಿಕ್ ಇರುವುದು ಬೆಂಗಳೂರಿನ ಸರ್ಜಾಪುರ ರಸ್ತೆಯಲ್ಲಿ, ನಾವಿರುವುದು ಊರಿನ ಇನ್ನೊಂದು ತುದಿಯ ಕೆಂಗೇರಿಯಲ್ಲಿ. ನಾಯಿ ಅಂದರೆ ಆಟೋದವರು ಬರುವುದಿಲ್ಲ. ಇರುವುದು ಆರೇ ಹೊಲಿಗೆ, ಮನೆಯಲ್ಲೇ ಕತ್ತರಿಸಬಹುದಾ? ನಮ್ಮತ್ತೆ ಮಾತ್ರ ‘ಏನೂ ಮಾಡ್ಬೇಡಿ, ನೆಕ್ಕದ ಹಾಗೆ ಕುತ್ತಿಗೆಗೆ ಹಾಕಿರೋ ಆ ಪ್ಲಾಸ್ಟಿಕ್ ಕೋನ್ ಬಿಚ್ಚಿ, ಅದೇ ನೆಕ್ಕಿ ವಾಸಿ ಮಾಡ್ಕೊಳ್ಳುತ್ತೆ’ ಅಂತಾರೆ.

ಉತ್ತರ: ಬಿಚ್ಚಬಹುದು. ಆದರೆ ಡಾಕ್ಟರು ಗಾಯ ನೋಡಿ, ಕೊನೇಪಕ್ಷ ಹಗಲು ಬೆಳಕಿನಲ್ಲಿ ಹತ್ತಿರದಿಂದ ತೆಗೆದ ಫೋಟೋ ನೋಡಿ, ‘ಸರಿ, ತೆಗೀರಿ’ ಅಂದಿದ್ದರೆ ಮಾತ್ರ. ಎಷ್ಟು ಸಲ ಬರೆದರೂ ಮೊದಲ ಪದ ಓದಿ ಕತ್ತರಿ ಹುಡುಕಲು ಎದ್ದು ಹೋಗುವವರಿದ್ದಾರೆ. ದಯವಿಟ್ಟು ಕೂತು ಪೂರ್ತಿ ಓದಿ.

ಮೊದಲು ಕ್ಲಿನಿಕ್‌ಗೆ ಫೋನ್ ಮಾಡಿ ಎರಡು ವಿಷಯ ಕೇಳಿ. ಚರ್ಮಕ್ಕೆ ಹಾಕಿದ್ದು ಕರಗುವ ದಾರವೋ, ಕರಗದ್ದೋ? ಒಂದೊಂದಕ್ಕೂ ಬೇರೆ ಗಂಟು ಹಾಕಿದ್ದಾರೋ, ಒಂದೇ ದಾರವನ್ನು ಉದ್ದಕ್ಕೂ ಓಡಿಸಿದ್ದಾರೋ? ದಾರದ ಬಣ್ಣ ನೋಡಿ ನೀವೇ ತೀರ್ಮಾನ ಮಾಡಬೇಡಿ. ಮನೆಯಲ್ಲಿ ತೆಗೆಯಬಹುದಾದದ್ದು ಬೇರೆ ಬೇರೆ ಗಂಟಿನ ನೈಲಾನ್ ಹೊಲಿಗೆ ಮಾತ್ರ. ಒಂದೇ ದಾರದ ಹೊಲಿಗೆಗೆ ಕೈ ಹಾಕಬೇಡಿ. ಸ್ಟೇಪಲ್ ಹೊಡೆದಿದ್ದರೆ ಅದಕ್ಕೆ ಬೇರೆಯದೇ ರಿಮೂವರ್ ಬೇಕು. ಕಣ್ಣು, ಕಿವಿ, ಬಾಯಿ, ಕೀಲಿನ ಹತ್ತಿರದ ಹೊಲಿಗೆಗಳೂ, ಬೆಕ್ಕಿನ ಯಾವುದೇ ಹೊಲಿಗೆಯೂ ಡಾಕ್ಟರ ಕೆಲಸ.

ಇನ್ನು, ಹೊಲಿಗೆ ಬಿಚ್ಚಿಸಲು ಸರ್ಜಾಪುರ ರಸ್ತೆಗೇ ಹೋಗಬೇಕು ಅಂತ ಯಾರು ಹೇಳಿದರು? ಆಪರೇಷನ್ ಮಾಡಿದವರೇ ಬಿಚ್ಚಬೇಕೆಂಬ ನಿಯಮವಿಲ್ಲ. ಡಿಸ್ಚಾರ್ಜ್ ಚೀಟಿ ಹಿಡಿದು ಕೆಂಗೇರಿ ಸುತ್ತಮುತ್ತಲಿನ ಯಾವ ಪಶುವೈದ್ಯರ ಹತ್ತಿರ ಹೋದರೂ ಆದೀತು, ಸರ್ಕಾರಿ ಪಶು ಆಸ್ಪತ್ರೆಯೂ ಆದೀತು. ಉತ್ತರ ಬೆಂಗಳೂರಿನವರಿಗೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ. ಅಲ್ಲಿ ದಾರ ಕತ್ತರಿಸುವುದು ಎರಡು ನಿಮಿಷದ ಕೆಲಸ. ಅದಕ್ಕೂ ಮುಂಚೆ ಡಾಕ್ಟರು ಗಾಯದ ಉದ್ದಕ್ಕೂ ಬೆರಳಿಟ್ಟು ಒತ್ತುತ್ತಾರಲ್ಲ, ನೀವು ಹೋಗುವುದು ಅದಕ್ಕೆ. ಚರ್ಮ ಚೆನ್ನಾಗಿ ಕೂಡಿದ್ದು ಒಳಗಿನ ಪದರ ಬಿಟ್ಟುಕೊಂಡಿದ್ದರೆ ಕಣ್ಣಿಗೆ ಕಾಣುವುದಿಲ್ಲ, ಬೆರಳಿಗೆ ಸಿಗುತ್ತದೆ.

ಈಗ ಅತ್ತೆಯವರ ಮಾತು. ಅವರೊಬ್ಬರನ್ನೇ ದೂರಿ ಪ್ರಯೋಜನವಿಲ್ಲ. ‘ನಾಯಿ ನಾಲಿಗೆಯಲ್ಲೇ ಔಷಧಿ ಇದೆ’ ಅನ್ನುವುದನ್ನು ಇಂಜಿನಿಯರುಗಳೂ ಹೇಳುತ್ತಾರೆ, ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನವರೂ ಹೇಳುತ್ತಾರೆ. ಇದರಲ್ಲಿ ಎಳ್ಳಷ್ಟು ನಿಜ ಇರುವುದರಿಂದಲೇ ಇದು ಸಾಯುತ್ತಿಲ್ಲ. ಜೊಲ್ಲಿನಲ್ಲಿ ಲೈಸೊಜೈಮ್‌ನಂಥ, ಕೆಲವು ಬ್ಯಾಕ್ಟೀರಿಯಾಗಳನ್ನು ತಡೆಯುವ ಪದಾರ್ಥಗಳಿವೆ, ಒಪ್ಪೋಣ. ಅದೇ ಜೊಲ್ಲಿನಲ್ಲಿ ಪಾಶ್ಚುರೆಲ್ಲಾ, ಸ್ಟ್ಯಾಫಿಲೊಕಾಕಸ್‌ನಂಥ ಬ್ಯಾಕ್ಟೀರಿಯಾಗಳೂ ಇವೆ. ಆ ನಾಲಿಗೆ ಐದು ನಿಮಿಷದ ಹಿಂದೆ ಎಲ್ಲಿತ್ತು ಅನ್ನುವುದೂ ನಿಮಗೆ ಗೊತ್ತು. ರೇಬಿಸ್ ಶಂಕೆಯಿರುವ ಪ್ರಾಣಿ ನಮ್ಮ ತೆರೆದ ಗಾಯ ನೆಕ್ಕಿದರೆ, ಅದನ್ನು ವಿಶ್ವ ಆರೋಗ್ಯ ಸಂಸ್ಥೆ ಚರ್ಮ ಹರಿದ ಕಡಿತದ ಜೊತೆಗೇ ಅತಿ ಗಂಭೀರವಾದ ಮೂರನೇ ವರ್ಗದಲ್ಲಿ ಇಡುತ್ತದೆ. ಜೊಲ್ಲು ಅಮೃತವಾಗಿದ್ದರೆ ಆ ವರ್ಗದ ಅಗತ್ಯವೇ ಇರುತ್ತಿರಲಿಲ್ಲ.

ಬ್ಯಾಕ್ಟೀರಿಯಾ ಹಾಗಿರಲಿ, ನಾಯಿ ಬರೀ ನೆಕ್ಕಿ ಸುಮ್ಮನಾಗುವುದಿಲ್ಲ. ಗಮನಿಸಿ ನೋಡಿ: ಮೊದಲು ನಾಲಿಗೆ ಆಡುತ್ತದೆ, ಗಾಯದ ಅಂಚು ನೆಂದು ಬೆಳ್ಳಗೆ ಮೆತ್ತಗಾಗುತ್ತದೆ. ಆಮೇಲೆ ಮುಂದಿನ ಸಣ್ಣ ಹಲ್ಲುಗಳು ಚಿಗಟ ಹುಡುಕುವ ಹಾಗೆ ಕಚಕಚ ಅಂತ ಓಡುತ್ತವೆ. ನೈಲಾನ್ ದಾರದ ಬಿರುಸಾದ ತುದಿ ಆ ಹಲ್ಲಿಗೆ ಸಿಕ್ಕಿತೆಂದರೆ ಗಂಟು ಕಿತ್ತು ಬರುತ್ತದೆ, ಜೊತೆಗೆ ಚರ್ಮವೂ ಹರಿಯುತ್ತದೆ. ಬೆಕ್ಕಿನ ನಾಲಿಗೆಯ ಮೇಲಂತೂ ಹಿಂದಕ್ಕೆ ಬಾಗಿದ ಗಟ್ಟಿ ಮುಳ್ಳುಗಳೇ ಇವೆ.

‘ತುರಿಕೆ ಬಂತು ಅಂದ್ರೆ ವಾಸಿ ಆಗ್ತಿದೆ’ ಅನ್ನುವುದು ಅರ್ಧ ಸರಿ. ವಾಸಿಯಾಗುತ್ತಿದೆ, ಗಟ್ಟಿಯಾಗಿಲ್ಲ. ಕೊಯ್ದ ಚರ್ಮಕ್ಕೆ ಮೂರು ವಾರ ಕಳೆದರೂ ಮೊದಲಿನ ಗಟ್ಟಿತನದ ಸುಮಾರು ಐದನೇ ಒಂದು ಪಾಲು ಮಾತ್ರ ಬಂದಿರುತ್ತದೆ. ಗರ್ಭಕೋಶದ ಆಪರೇಷನ್‌ನಲ್ಲಿ ಹೊಟ್ಟೆಯ ಗೋಡೆ, ಚರ್ಮದಡಿಯ ಕೊಬ್ಬು, ಚರ್ಮ ಎಲ್ಲವನ್ನೂ ಕೊಯ್ದು ಹೊಲಿದಿರುತ್ತಾರೆ. ಹಲ್ಲು ಒಳಗಿನ ಪದರಕ್ಕೆ ಮುಟ್ಟಿದರೆ ಕರುಳೇ ಹೊರಗೆ ಬರಬಹುದು. ಹಾಗಾದರೆ ಒಳಗೆ ತಳ್ಳಲು ಹೋಗಬೇಡಿ. ಸಲೈನ್‌ನಲ್ಲೋ ಕಾಯಿಸಿ ಆರಿಸಿದ ನೀರಿನಲ್ಲೋ ಅದ್ದಿದ ಶುಭ್ರ ಬಟ್ಟೆ ಮುಚ್ಚಿ, ಬಾಯಿ ಹಾಕದ ಹಾಗೆ ಹಿಡಿದು, ತಕ್ಷಣ ಆಸ್ಪತ್ರೆಗೆ ಓಡಿ.

‘ಕಾಡಿನಲ್ಲಿ ಯಾರು ಕೋನ್ ಹಾಕ್ತಾರೆ?’ ಅನ್ನುವ ವಾದವೂ ಬರುತ್ತದೆ. ಕಾಡಿನಲ್ಲಿ ಗರ್ಭಕೋಶವನ್ನೂ ಯಾರೂ ತೆಗೆಯುವುದಿಲ್ಲ. ಗಾಯ ಕೊಳೆತು ಸತ್ತ ಪ್ರಾಣಿ ನಮ್ಮ ಕಣ್ಣಿಗೆ ಬೀಳುವುದಿಲ್ಲ, ನೆಕ್ಕಿಕೊಂಡು ಬದುಕಿದ್ದು ಮಾತ್ರ ಕಾಣುತ್ತದೆ.

ಆದ್ದರಿಂದ ಕೋನ್ ಹಗಲೂ ರಾತ್ರಿಯೂ ಇರಲಿ. ಅದರ ಅಂಚು ಮೂತಿಗಿಂತ ಎರಡು ಬೆರಳು ಮುಂದಿರಬೇಕು, ಕುತ್ತಿಗೆಯ ಹತ್ತಿರ ಎರಡು ಬೆರಳು ಸಲೀಸಾಗಿ ತೂರಬೇಕು. ಊಟಕ್ಕೆ ತೊಂದರೆಯಾದರೆ ತಟ್ಟೆಯನ್ನು ಎತ್ತರದಲ್ಲಿಡಿ. ‘ಪಾಪ’ ಅಂತ ರಾತ್ರಿ ಬಿಚ್ಚಿ ಬೆಳಗ್ಗೆ ಹಾಕುವುದೇ ಹೆಚ್ಚು ಕಡೆ ಅನಾಹುತಕ್ಕೆ ಕಾರಣ, ನೀವು ಮಲಗಿದಾಗಲೇ ನಾಯಿಗೆ ಪುರುಸೊತ್ತು. ಅರಿಶಿನವನ್ನೂ ಮೆತ್ತಬೇಡಿ. ಅಡುಗೆಮನೆಯ ಪುಡಿ ಶುದ್ಧವಲ್ಲ, ಸಾಲದ್ದಕ್ಕೆ ಹಳದಿ ಬಣ್ಣದಡಿ ಕೆಂಪು ಕಾಣುವುದೇ ಇಲ್ಲ. ಡೆಟಾಲ್ ಬೇಡ, ಬೆಕ್ಕಿಗಂತೂ ಅದು ವಿಷ.

ಡಾಕ್ಟರು ಒಪ್ಪಿದ್ದಾರೆ ಅಂದುಕೊಳ್ಳೋಣ. ಸಾಮಾನ್ಯವಾಗಿ ಹತ್ತರಿಂದ ಹದಿನಾಲ್ಕು ದಿನದೊಳಗೆ ತೆಗೆಯಬೇಕು. ಗಾಯ ಒಣಗಿರಬೇಕು, ಅಂಚುಗಳು ಉದ್ದಕ್ಕೂ ಕೂಡಿರಬೇಕು. ಕೀವು, ವಾಸನೆ, ಬಿಸಿ, ಒತ್ತಿದರೆ ಮೆತ್ತಗೆ ಒಳಗೆ ಹೋಗುವ ಊತ, ಇವುಗಳಲ್ಲಿ ಒಂದು ಕಂಡರೂ ಕತ್ತರಿ ಕೆಳಗಿಟ್ಟು ಕ್ಲಿನಿಕ್‌ಗೆ ಹೋಗಿ. ಮೆಡಿಕಲ್ ಶಾಪಿನಲ್ಲಿ ಕೊಕ್ಕೆ ತುದಿಯ ಸ್ಟಿಚ್ ಕತ್ತರಿ ಕೇಳಿ, ಉಗುರು ಕತ್ತರಿ ಬೇಡ, ಬ್ಲೇಡ್ ಬೇಡವೇ ಬೇಡ. ಕತ್ತರಿ, ಚಿಮಟ ಎರಡನ್ನೂ ಹತ್ತು ನಿಮಿಷ ನೀರಿನಲ್ಲಿ ಕುದಿಸಿ. ವಾಕಿಂಗ್ ಮುಗಿಸಿ ಸುಸ್ತಾದ ನಾಯಿಯನ್ನು ಮಗ್ಗುಲಾಗಿ ಮಲಗಿಸಿ. ತಲೆಯ ಹತ್ತಿರ ಒಬ್ಬರು ಬೇಕು, ಒಬ್ಬರೇ ಇದ್ದರೆ ಶುರುವೇ ಮಾಡಬೇಡಿ.

ಚಿಮಟದಿಂದ ಗಂಟನ್ನು ಸ್ವಲ್ಪ ಎತ್ತಿ. ಗಂಟಿನಡಿ ಎರಡು ಎಳೆ ಕಾಣುತ್ತವೆ. ಅದರಲ್ಲಿ ಒಂದನ್ನು ಮಾತ್ರ, ಚರ್ಮಕ್ಕೆ ಆದಷ್ಟು ಹತ್ತಿರ ಕತ್ತರಿಸಿ. ಎರಡನ್ನೂ ಕತ್ತರಿಸಿದರೆ ತುಂಡು ಒಳಗೇ ಉಳಿದು ಮುಂದೆ ಗುಳ್ಳೆಯೆದ್ದು ಸೋರುತ್ತದೆ. ಚರ್ಮಕ್ಕೆ ಹತ್ತಿರ ಯಾಕೆಂದರೆ, ಇಷ್ಟು ದಿನ ಹೊರಗೆ ಕೊಳೆಯಾದ ದಾರ ಚರ್ಮದೊಳಗೆ ತೂರಿ ಬರಬಾರದು. ಗಂಟನ್ನು ಗಾಯದ ಗೆರೆಯ ಕಡೆಗೆ ಎಳೆಯಿರಿ. ಹೊರಕ್ಕೆ ಎಳೆದರೆ ಅಂಚು ಬಾಯಿ ಬಿಡುತ್ತದೆ. ಮೊದಲು ಒಂದು ಬಿಟ್ಟು ಒಂದು ತೆಗೆದು ನೋಡಿ. ಎಲ್ಲಾದರೂ ಬಿರುಕು ಕಂಡರೆ ಉಳಿದದ್ದನ್ನು ಹಾಗೇ ಬಿಟ್ಟು ಡಾಕ್ಟರ ಹತ್ತಿರ ಹೋಗಿ. ಕೊನೆಗೆ ತೆಗೆದ ಗಂಟುಗಳನ್ನು ಎಣಿಸಿ, ಆರು ಇರಬೇಕು. ಕೂದಲಿನಡಿ ಒಂದು ಉಳಿದುಬಿಡುವುದು ಮಾಮೂಲು. ಕೋನ್ ಇನ್ನೂ ಎರಡು ದಿನ ಇರಲಿ, ಸ್ನಾನವೂ ಅಲ್ಲಿಯವರೆಗೆ ಬೇಡ.

ಇದನ್ನು ಓದಿದ ಯಾರಾದರೂ ‘ಹಾಗಾದ್ರೆ ಕಾರ್ಪೊರೇಷನ್‌ನವರು ಆಪರೇಷನ್ ಮಾಡಿ ಬಿಟ್ಟುಹೋಗುವ ಬೀದಿನಾಯಿಗೆ ಹೊಲಿಗೆ ಯಾರು ಬಿಚ್ತಾರೆ?’ ಅಂತ ಕೇಳದಿದ್ದರೆ ಆಶ್ಚರ್ಯ. ಯಾರೂ ಬಿಚ್ಚಬೇಕಿಲ್ಲ. ಸಂತಾನಹರಣ ಚಿಕಿತ್ಸೆಯಾದ ಬೀದಿನಾಯಿಯ ಕಿವಿಯಲ್ಲಿ ಕತ್ತರಿಸಿದ ಗುರುತಿರುತ್ತದೆ. ಅಂಥ ನಾಯಿಗಳಿಗೆ ಸಣ್ಣದಾಗಿ ಕೊಯ್ದು, ಚರ್ಮದೊಳಗೇ ಅಡಗುವಂತೆ ಕರಗುವ ದಾರದಲ್ಲಿ ಹೊಲಿಯುವುದು ರೂಢಿ. ಹೊರಗೆ ತುದಿ ಇಲ್ಲದಿದ್ದರೆ ಹಲ್ಲಿಗೆ ಸಿಗುವುದೂ ಕಡಿಮೆ. ಸಾಕುನಾಯಿಗೂ ಹೀಗೇ ಹೊಲಿಯುತ್ತೀರಾ ಅಂತ ಆಪರೇಷನ್‌ಗೆ ಮುಂಚೆ ಕೇಳಬಹುದು, ಈಗ ಬಹಳ ಕಡೆ ಮಾಡುತ್ತಾರೆ. ತೊಡಕೂ ಇದೆ: ಒಂದು ಕಡೆ ಕೀವು ತುಂಬಿದರೆ, ಅಲ್ಲಿಯ ಒಂದು ಗಂಟು ಮಾತ್ರ ಬಿಚ್ಚಿ ಕೀವು ಇಳಿಸುವ ಅನುಕೂಲ ಒಳಹೊಲಿಗೆಯಲ್ಲಿ ಇರುವುದಿಲ್ಲ. ಕೋನ್ ಮಾತ್ರ ಇದಕ್ಕೂ ಬೇಕು. ಹತ್ತನೇ ದಿನ ಗಾಯ ತೋರಿಸಿಕೊಂಡು ಬರುವುದೂ ತಪ್ಪುವುದಿಲ್ಲ.